ಡಿಕ್ಕಿಯ ತಳದಲ್ಲಿದ್ದ ಕೆಂಪು ಸಿಲಿಂಡರು

ಕಾರಿನಲ್ಲಿ ಊರಿಗೆ ಹೊರಡುವಾಗ ನೀವೂ ನನ್ನ ಹಾಗೇ ಮಾಡ್ತೀರಿ ತಾನೆ, ಸೋದರಿಯರೇ? ಚಪಾತಿ ಡಬ್ಬ, ಕೋಡುಬಳೆ, ನೀರಿನ ಕ್ಯಾನು, ಚೀಲಗಳು ಎಲ್ಲವನ್ನೂ ಡಿಕ್ಕಿಗೆ ತುರುಕಿ, ಮೈಸೂರಿನ ಮಗಳಿಗೆಂದು ಹಾಕಿದ ಉಪ್ಪಿನಕಾಯಿ ಜಾಡಿಯನ್ನು ಮಾತ್ರ ನನ್ನ ಕಾಲ ಬಳಿ ಇಟ್ಟುಕೊಂಡಿದ್ದೆ. ಬೆಂಕಿ ಆರಿಸುವ ಪುಟ್ಟ ಕೆಂಪು ಸಿಲಿಂಡರು ಡಿಕ್ಕಿಯ ತಳದಲ್ಲಿ ಮಲಗಿತ್ತು.

ರಾಜಾಜಿನಗರ ಬಿಟ್ಟು, ಬಸವೇಶ್ವರನಗರ ದಾಟಿ, ವಿಜಯನಗರದ ಸಂತೆಯಂಥ ರಸ್ತೆಯಲ್ಲಿ ತೆವಳಿ ಮೈಸೂರು ರಸ್ತೆ ಹಿಡಿದೆವು. ಗಾಳಿ ಆಂಜನೇಯನಿಗೆ ಕೂತಲ್ಲಿಂದಲೇ ಕೈಮುಗಿದದ್ದಾಯಿತು. ನಾಯಂಡಹಳ್ಳಿಯಿಂದಾಚೆ ಎತ್ತರದಲ್ಲಿ, 2021ರಲ್ಲಿ ಕೆಂಗೇರಿ ಮುಟ್ಟಿದ ಮೆಟ್ರೋ. ಕೆಳಗೆ ನಮ್ಮ ವೃಷಭಾವತಿ. ಹೊಳೆ ಅನ್ನೋದಕ್ಕೆ ಈಗ ಮೂಗು ಒಪ್ಪುವುದಿಲ್ಲ.

ಕೆಂಗೇರಿಗೆ ಸ್ವಲ್ಪ ಮುಂಚೆ ಎದುರಿನ ಕಾರಿನ ಬಾನೆಟ್‌ನಿಂದ ಹೊಗೆ ಎದ್ದಿತು. ಒಳಗಿದ್ದ ಅಜ್ಜಿ, ಮಗುವನ್ನು ಯಾರೋ ಇಳಿಸಿಕೊಂಡರು. ನಮ್ಮವರು ಓಡಿಹೋಗಿ ಡಿಕ್ಕಿ ತೆಗೆದರು. ಡಬ್ಬ, ಕ್ಯಾನು, ಚೀಲ ಒಂದೊಂದೇ ರಸ್ತೆಗಿಳಿಯುತ್ತಿದ್ದರೆ ಅತ್ತ ಹೊಗೆಯಲ್ಲಿ ಜ್ವಾಲೆ ಕಾಣಿಸಿತು! ಅಷ್ಟರಲ್ಲಿ ಬಸ್ಸಿನ ಡ್ರೈವರೊಬ್ಬರು ತಮ್ಮ ಸೀಟಿನ ಪಕ್ಕದ ಸಿಲಿಂಡರು ಹಿಡಿದು ಬಂದು ಆರಿಸಿಯೇ ಬಿಟ್ಟರು. ಹೋಗುವಾಗ, “ಅಮ್ಮಾ, ಉಪ್ಪಿನಕಾಯಿ ಮುಂದೆ, ಇದು ಹಿಂದೇನಾ?” ಎಂದರು. ನನಗೆ ನಾಚಿಕೆಯಾಯಿತು.

ಹಾಗಾದರೆ ಎಲ್ಲಿಡಬೇಕು? ಡ್ರೈವರ್ ಸೀಟಿನ ಕೆಳಗೆ ಸುಮ್ಮನೆ ಇಟ್ಟರೆ ಉರುಳಿ ಬ್ರೇಕಿನ ಪೆಡಲ್ ಕೆಳಗೆ ಸೇರಬಹುದು. ಹಿಂದಿನ ಗಾಜಿನ ಹತ್ತಿರವಂತೂ ಬೇಡ. ಬಿಸಿಲಿಗೆ ಕಾಯುತ್ತದೆ, ಜೋರಾಗಿ ಬ್ರೇಕ್ ಹಾಕಿದರೆ ಹಾರಿಬಂದು ತಲೆಗೇ ಬಡಿಯುತ್ತದೆ. ಮುಂದಿನ ಎಡ ಸೀಟಿನ ಮುಂತುದಿಯಲ್ಲಿ, ಲೋಹದ ಪಟ್ಟಿಯಿಂದ ಬಿಗಿದು ಕೂರಿಸುವುದೇ ಸರಿ. ಒಳಗಿನಿಂದಲೂ, ಬಾಗಿಲು ತೆಗೆದು ಹೊರಗಿನಿಂದಲೂ ಕೈಗೆ ಸಿಗುತ್ತದೆ. ನೀವೇ ತೂತು ಕೊರೆಯಲು ಹೋಗಬೇಡಿ, ಕೆಳಗೆ ವೈರು, ಪೈಪು ಇರುತ್ತವೆ. ಮೆಕ್ಯಾನಿಕ್‌ಗೆ ಹೇಳಿ.

1 ಕಿಲೋದ ಎ.ಬಿ.ಸಿ. ಪುಡಿಯ ಸಿಲಿಂಡರು ಸಾಕು. ಆದರೆ ಅದು ಚಿಮ್ಮುವುದು ಸುಮಾರು 8-10 ಸೆಕೆಂಡು ಮಾತ್ರ, ನಮ್ಮ ಒಗ್ಗರಣೆ ಸಿಡಿಯುವಷ್ಟು ಹೊತ್ತು! ಆದ್ದರಿಂದ ಮೊದಲು ಎಂಜಿನ್ ಆರಿಸಿ, ಎಲ್ಲರನ್ನೂ ದೂರ ಕಳಿಸಿ, 112ಕ್ಕೆ ಫೋನ್ ಮಾಡಿಸಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭುಗಿಲೇಳುತ್ತದೆ. ಪಿನ್ ಎಳೆದು, ಸಂದಿಯಿಂದ ಬೆಂಕಿಯ ಬುಡಕ್ಕೇ ಗುರಿಯಿಡಿ. ಜ್ವಾಲೆ ದೊಡ್ಡದಾಗಿದ್ದರೆ, ಅಥವಾ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯೇ ಹತ್ತಿಕೊಂಡಿದ್ದರೆ, ಸಾಹಸ ಬೇಡ. ದೂರ ಓಡಿ.

ಗಡಿಯಾರದಂಥ ಮೀಟರಿನ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ನಮ್ಮದನ್ನು ನೋಡಿದರೆ ಕೆಂಪಿನಲ್ಲಿತ್ತು! ಅಂದು ಸಮಯಕ್ಕೆ ಕೈಗೆ ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ. ಮರುವಾರವೇ ಹೊಸದು ತಂದು ಬಿಗಿಸಿದೆವು. “ಕಾಲಿಗೆ ತಗಲುತ್ತೆ ಕಣೇ” ಎಂದು ನಮ್ಮವರು ಗೊಣಗಿದರು. ಕಾಲು ನನ್ನದಲ್ಲವೇ! ಉಪ್ಪಿನಕಾಯಿ ಜಾಡಿ ಈಗ ಡಿಕ್ಕಿಯಲ್ಲಿ ಹೋಗುತ್ತದೆ, ಎರಡು ಟವೆಲ್ ಸುತ್ತಿಕೊಂಡು.