ರುಜೂ

ಕನ್ನಡದಲ್ಲಿ ರುಜು ಎಂದರೆ ಸಹಿ. ನಮ್ಮ ಮನೆಯ ಉರ್ದುವಿನಲ್ಲಿ ರುಜೂ ಎಂದರೆ ಹಿಂದಿರುಗುವುದು. ಆಲಿಮರೊಬ್ಬರು ತಾವು ಹಿಂದೆ ಹೇಳಿದ್ದನ್ನು ವಾಪಸ್ ಪಡೆದರೆ ‘ರುಜೂ ಮಾಡಿಕೊಂಡರು’ ಎನ್ನುತ್ತಾರೆ. ಸದ್ದು ಹೆಚ್ಚುಕಡಿಮೆ ಒಂದೇ. ಒಂದು ಮಾತನ್ನು ಗಟ್ಟಿ ಮಾಡುತ್ತದೆ, ಇನ್ನೊಂದು ಅದೇ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಎರಡು ಭಾಷೆಗಳ ನಡುವೆ ಬೆಳೆದ ನನಗೆ ಇದು ಮೊದಲಿನಿಂದಲೂ ತಮಾಷೆ ಎನಿಸುತ್ತಿತ್ತು.

ಮಾತು ಬದಲಿಸುವವರನ್ನು ಕಂಡರೆ ನಮ್ಮಲ್ಲಿ ಯಾರಿಗೂ ಗೌರವವಿಲ್ಲ. ಚುನಾವಣೆ ಸಮಯದಲ್ಲಿ ನೋಡುತ್ತೇವಲ್ಲ, ಅಂಥವರ ಮೇಲೆ ಗೌರವ ಬರುವುದಾದರೂ ಹೇಗೆ? ಆದರೆ ಇಮಾಮ್ ಶಾಫಿಯವರು ಬಗ್ದಾದಿನಲ್ಲಿದ್ದಾಗ ಹೇಳಿದ ಎಷ್ಟೋ ಅಭಿಪ್ರಾಯಗಳನ್ನು ಈಜಿಪ್ಟಿಗೆ ಹೋದ ಮೇಲೆ ಬದಲಿಸಿದರು. ಹಳೆಯದಕ್ಕೆ ‘ಕದೀಮ್’, ಹೊಸದಕ್ಕೆ ‘ಜದೀದ್’ ಎಂದು ಹೆಸರು. ಅವರ ಮದ್‌ಹಬ್‌ನ ಗ್ರಂಥಗಳಲ್ಲಿ ಎರಡೂ ದಾಖಲಾಗಿವೆ. ನಮ್ಮ ಮನೆಯವರು ಹನಫಿಗಳು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಮಾತು ಬದಲಿಸಿದರು ಎಂದು ಅವರಲ್ಲಿ ಯಾರೂ ಇಮಾಮರನ್ನು ಕಡಿಮೆ ಮಾಡಿ ನೋಡಿದ್ದನ್ನು ನಾನು ಕೇಳಿಲ್ಲ.

ನಾವು ವಾಣಿಜ್ಯ ವಿಭಾಗದವರು ಪ್ರಥಮ ಪಿಯುಸಿಯಲ್ಲೇ ಇದನ್ನು ಬೇರೆ ರೀತಿಯಲ್ಲಿ ಕಲಿತಿದ್ದೇವೆ. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಉಜ್ಜಿ ಅಳಿಸುವಂತಿಲ್ಲ, ಅದರ ಮೇಲೆಯೇ ತಿದ್ದಿ ಬರೆಯುವಂತಿಲ್ಲ. ಸರಿಪಡಿಸುವ ನಮೂದನ್ನು ಬೇರೆಯಾಗಿ ಬರೆಯಬೇಕು, ಕೆಳಗೆ ಕಾರಣವನ್ನೂ ಬರೆಯಬೇಕು. ಸಲೀಮ್ ಕೊಟ್ಟ ಹಣವನ್ನು ಸುಲೇಮಾನ್ ಖಾತೆಗೆ ಜಮಾ ಮಾಡಿದ್ದೇವೆ ಎಂದುಕೊಳ್ಳಿ. ತಾಳೆಪಟ್ಟಿ ಹಾಕಿದರೆ ಎರಡೂ ಕಡೆ ಮೊತ್ತ ಸರಿಯಾಗಿಯೇ ಬರುತ್ತದೆ. ಆದರೆ ಹಣ ಕೊಟ್ಟ ಸಲೀಮ್ ಮಾತ್ರ ಪುಸ್ತಕದಲ್ಲಿ ಇನ್ನೂ ಸಾಲಗಾರನಾಗಿಯೇ ಇರುತ್ತಾನೆ. ಪರೀಕ್ಷೆಗೆ ಇದು ಒಂದೆರಡು ಅಂಕದ ವಿಷಯ. ಸಲೀಮನಿಗೆ ಅಲ್ಲ.

ನಮ್ಮ ದೇಶದಲ್ಲಿ ಹೀಗೆ ಸರಿಪಡಿಸುವುದಕ್ಕೆ ತುಂಬ ಕಾಲ ಹಿಡಿದ ಒಂದು ನಮೂದು ಇದೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿತು. ಅವರು ಬಿಡುಗಡೆಗಾಗಿ ಕೋರ್ಟಿಗೆ ಹೋಗಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ‘ಇಲ್ಲ’ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಹೊರಟರು.

ಆ ನಾಲ್ವರಲ್ಲಿ ಒಬ್ಬರು ಪಿ.ಎನ್. ಭಗವತಿ. ಮುಂದೆ ಅವರೇ ಮುಖ್ಯ ನ್ಯಾಯಮೂರ್ತಿಯಾದರು. ಬಡವರಿಗಾಗಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ದಾರಿ ತೆರೆದವರಲ್ಲಿ ಪ್ರಮುಖರೆಂದು ಹೆಸರು ಪಡೆದರು. ಅಷ್ಟು ಒಳ್ಳೆಯ ಹೆಸರಿನ ಕೆಳಗೆ ಹಳೆಯ ತೀರ್ಪು ಮುಚ್ಚಿಹೋಗುತ್ತಿತ್ತೇನೋ. ಆದರೆ 2011ರಲ್ಲಿ, ತೊಂಬತ್ತರ ಹತ್ತಿರದಲ್ಲಿದ್ದಾಗ, ಆ ತೀರ್ಪು ತಪ್ಪು ಎಂದು ಅವರು ಬಹಿರಂಗವಾಗಿ ಹೇಳಿ ಕ್ಷಮೆ ಕೇಳಿದರು. ಅಷ್ಟರಲ್ಲಿ 35 ವರ್ಷ ಕಳೆದಿತ್ತು. ಜೈಲಿನಲ್ಲಿದ್ದವರಿಗೆ ಅದರಿಂದ ಒಂದು ದಿನವೂ ಮರಳಿ ಸಿಗಲಿಲ್ಲ, ನಿಜ. ಆದರೂ ಕೇಳುವವರು ಯಾರೂ ಒತ್ತಾಯ ಮಾಡದಿದ್ದಾಗ ಬಾಯಿಬಿಟ್ಟು ಹೇಳಿದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೆಯೇ ಇತ್ತು. ಅದನ್ನು ಸರಿಪಡಿಸಿದ್ದು 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರ ತೀರ್ಪು ಇನ್ನು ಮುಂದೆ ಸಲ್ಲದು ಎಂದು ಬರೆದವರು ಡಿ.ವೈ. ಚಂದ್ರಚೂಡ್. 1976ರ ನಾಲ್ವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಕೂಡ ಒಬ್ಬರು! ಕೋರ್ಟು ಹೇಳಿದ್ದನ್ನು ಕೋರ್ಟೇ, ಅದೇ ಜಾಗದಲ್ಲಿ, ಹೇಳಿ ಹಿಂದಕ್ಕೆ ಪಡೆಯಬೇಕಾಯಿತು.

ಅದೇ ಜಾಗದಲ್ಲಿ ಎನ್ನುವುದು ನನಗೆ ಮುಖ್ಯ ಎನಿಸಲು ಕಾರಣ ನಮ್ಮ ಚಾಚಾ ಅವರ ಕಿರಾಣಿ ಅಂಗಡಿ. ಕಳೆದ ವರ್ಷ ಒಂದು ಸಂಜೆ ಗಲ್ಲಾದಲ್ಲಿ 3,500 ರೂಪಾಯಿ ಕಡಿಮೆ ಬಂತು. ಕೆಲಸದ ಹುಡುಗ ನನಗಿಂತ ಒಂದು ವರ್ಷಕ್ಕಷ್ಟೇ ದೊಡ್ಡವನು. ಐದಾರು ಗಿರಾಕಿಗಳು ನಿಂತಿದ್ದಾಗಲೇ ಚಾಚಾ ಅವನನ್ನು ಕಳ್ಳ ಎಂದರು. ವಾರದ ಮೇಲೆ ನಾನು ಪುಸ್ತಕ ನೋಡುವಾಗ ವಿಷಯ ಸಿಕ್ಕಿತು. ಮೊಟ್ಟೆಯವನಿಗೆ ಹಣ ಕೊಟ್ಟಿದ್ದನ್ನು ಚಾಚಾ ಬರೆದೇ ಇರಲಿಲ್ಲ.

ಚಾಚಾ ಕೆಟ್ಟವರಲ್ಲ. ಹುಡುಗನನ್ನು ಹಿಂದಿನ ಗೋದಾಮಿಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, ‘ದಿಲ್ ಪೊ ನಕ್ಕೋ ಲೇ ಬೇಟಾ’ ಎಂದರು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು. ಆ ತಿಂಗಳು 500 ರೂಪಾಯಿ ಹೆಚ್ಚು ಕೊಟ್ಟರು. ತಾಳೆಪಟ್ಟಿ ಸರಿಹೋಯಿತು. ಹುಡುಗ ತಿಂಗಳು ಮುಗಿಸಿ ಬಿಟ್ಟುಹೋದ. ಅದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ ಕೆಲಸ ಕೇಳಿದನಂತೆ, ಕೊಡಲಿಲ್ಲ. ಗೋದಾಮಿನಲ್ಲಿ ಚಾಚಾ ಹೇಳಿದ್ದನ್ನು ಅಕ್ಕಿ ಮೂಟೆಗಳ ಹೊರತು ಯಾರು ಕೇಳಿದ್ದರು?

‘ಚಾಚಾ, ಗಿರಾಕಿಗಳಿಗೂ ಒಂದು ಮಾತು ಹೇಳಿಬಿಡಿ’ ಎಂದು ನಾನು ಕೇಳಿದ್ದೆ. ‘ಮಾಲೀಕ ಗಿರಾಕಿಗಳ ಮುಂದೆ ತಲೆ ತಗ್ಗಿಸಿದರೆ ನಾಳೆ ಅಂಗಡಿಯಲ್ಲಿ ಯಾರು ಮಾತು ಕೇಳ್ತಾರೆ?’ ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಒಪ್ಪಿಗೆಯಾಗುವುದಿಲ್ಲ.

ಹೋದ ತಿಂಗಳು ಪಕ್ಕದ ಹೋಟೆಲಿನವರು ಸಕ್ಕರೆ ಕೊಳ್ಳಲು ಬಂದಿದ್ದರು. ‘ಆ ಹುಡುಗ ಒಟ್ಟು ಎಷ್ಟು ಹೊಡೆದಿದ್ದ?’ ಎಂದು ನನ್ನನ್ನು ಕೇಳಿದರು. ಅವನು ಏನೂ ತೆಗೆದಿರಲಿಲ್ಲ, ಮೊಟ್ಟೆಯ ಹಣ ಪುಸ್ತಕದಲ್ಲಿ ಬಿಟ್ಟುಹೋಗಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಚಾಚಾ ತಕ್ಕಡಿಯ ಹತ್ತಿರವೇ ಇದ್ದರು. ಸಕ್ಕರೆ ತೂಗುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಅಲ್ಲ ಎಂದು ಅವರು ಹೇಳಲಿಲ್ಲ.