ಮಾಸ್ತರರ ಮೂರು ಸುತ್ತು

ಕಳೆದ ವಾರ ಏಳನೇ ತರಗತಿಯ ಮೊಮ್ಮಗಳು ನಮ್ಮ ಅಂಕಲಗಿಯ ಮನೆಯಲ್ಲಿ ಬಂದು ನಿಂತು, "ಅಜ್ಜಾ, ನನ್ನ ಪಾಸ್‌ಬುಕ್ಕಿನ ಝೆರಾಕ್ಸ್ ಬೇಕು. ಇನ್‌ಸ್ಪೈರ್ ಅವಾರ್ಡಿಗೆ ನನ್ನ ಐಡಿಯಾ ಕಳಸ್ತಾರಂತ" ಅಂದಳು. ಏನು ಐಡಿಯಾ ಅಂದರೆ ಹೇಳಲಿಲ್ಲ. ಗುಟ್ಟಂತೆ!

ಇದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆ. ಮಕ್ಕಳ ಹೊಸ ಯೋಚನೆಗಳನ್ನು ಶಾಲೆಯವರು ಕಳಿಸುತ್ತಾರೆ. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ.

ನನಗೆ 2010 ನೆನಪಾಯಿತು. ಆಗ ಬೇರೊಂದು ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ, ನಿವೃತ್ತಿ ಹತ್ತಿರವಿತ್ತು. ಆಗ ಈ ಪ್ರಶಸ್ತಿ 5,000 ರೂಪಾಯಿ. ಚೆಕ್ಕಿನಂಥ ವಾರಂಟ್ ಮಗುವಿನ ಹೆಸರಿಗೆ ಬರುತ್ತಿತ್ತು. ಒಬ್ಬ ವಿಜ್ಞಾನ ಮಾಸ್ತರರು ಹುಡುಗಿಯೊಬ್ಬಳ ವಾರಂಟ್ ತಂದರು. ಅದರಲ್ಲಿದ್ದ ಹೆಸರಿಗೂ ಖಾತೆಯ ಹೆಸರಿಗೂ ಒಂದಕ್ಷರದ ಫರಕು. "ಕೂಡೂದಿಲ್ರೀ" ಎಂದು ವಾಪಸ್ ಕಳಿಸಿದೆ. ಎರಡನೇ ಸಲವೂ ಅದೇ ಮಾತು.

ಮೂರನೇ ಸಲ ಹುಡುಗಿಯನ್ನೂ, ಅವಳು ಮಾಡಿದ ಮಾದರಿಯನ್ನೂ ಕರೆತಂದರು. ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಥರ್ಮಾಕೋಲ್ ಬಿಲ್ಲೆ, ಬಿಲ್ಲೆಯ ಮೇಲೆ ತಗಡಿನ ಚೂರು. ಮೇಲಿನಿಂದ ಎರಡು ತಂತಿಯ ತುದಿಗಳು ಇಳಿಬಿದ್ದಿದ್ದವು. ಹುಡುಗಿ ನನ್ನ ತಂಬಿಗೆಯ ನೀರನ್ನೇ ಡಬ್ಬಿಗೆ ಸುರಿದಳು. ಬಿಲ್ಲೆ ತೇಲುತ್ತ ಮೇಲೇರಿ, ತಗಡು ಎರಡೂ ತಂತಿಗೆ ತಾಗಿದ್ದೇ ಗಂಟೆ ಬಾರಿಸಿತು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಟಾಕಿ ತುಂಬಿದಾಗ ನೀರು ಪೋಲಾಗದಂತೆ ಎಚ್ಚರಿಸುವ ಗಂಟೆ ಅದು.

"ರೊಕ್ಕ ಬರೂಕಿಂತ ಮೊದಲ ಹ್ಯಾಂಗ ಮಾಡಿಸಿದ್ರಿ?" ಅಂದೆ.

"ನನ್ನ ಪಗಾರದಾಗ ಆತ್ರೀ. ಪ್ರದರ್ಶನ ಎಂಟ ದಿನಕ್ಕ ಐತಿ."

ಅರ್ಧ ದಿನದ ರಜೆ ಹಾಕಿ ಮೂರು ಸಲ ಬಂದಿದ್ದರು. ಆ ವಾರಂಟಿನ ಮೇಲೆ ಅವರ ಹೆಸರೇ ಇರಲಿಲ್ಲ. ಶಿಕ್ಷಕರಿಗೂ ರಾಷ್ಟ್ರ ಪ್ರಶಸ್ತಿ ಇದೆ, ಬೆಳ್ಳಿ ಪದಕ, 50,000 ರೂಪಾಯಿ. ಆದರೆ ಅದು ಎಷ್ಟು ಜನರಿಗೆ ಸಿಕ್ಕೀತು?

ಇನ್ನೊಂದು ಮಾತು ಹೇಳಲೇಬೇಕು. ಎರಡೂ ಹೆಸರು ಒಬ್ಬಳವೇ ಎಂದು ಹೆಡ್‌ಮಾಸ್ತರರ ಒಂದು ಪತ್ರ ತಂದಿದ್ದರೆ ಸಾಕಿತ್ತು. ಅದು ಮೊದಲ ದಿನವೇ ನನಗೆ ಗೊತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂದು ಹೇಳಿದೆ. ಮರುದಿನವೇ ಕೆಲಸವಾಯಿತು.

ಮೊಮ್ಮಗಳ ಪಾಸ್‌ಬುಕ್ ಹಿಡಿದು, ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿದೆ. ಶಾಲೆಯ ದಾಖಲೆಯಲ್ಲಿರುವ ಇನಿಷಿಯಲ್ ಇದರಲ್ಲಿಲ್ಲ! ಹೆಡ್‌ಮಾಸ್ತರರ ಪತ್ರವನ್ನು ಅವಳೇ ತಂದಿದ್ದಾಳೆ. ನೀವು ಬರೋದು ಬ್ಯಾಡ್ರೀ ಎಂದು ಅವಳ ಮಾಸ್ತರರಿಗೆ ಹೇಳಿ ಕಳಿಸಿದ್ದೇನೆ. ನಾಳೆ ಹತ್ತು ಗಂಟೆಗೆ ಕೌಂಟರಿನ ಈಚೆ ಕಡೆ ನಾನೇ ನಿಲ್ಲುತ್ತೇನೆ.