ಮೊಣಕಾಲುದ್ದದ ನೀರು

ಚನ್ನಗಿರಿ ದಾಟಿ ಸೂಳೆಕೆರೆಯತ್ತ ಹೊರಟರೆ ದಾರಿಯುದ್ದಕ್ಕೂ ಅಡಿಕೆ ತೋಟಗಳೇ. ತೋಟ ಮುಗಿದು ಗುಡ್ಡಗಳ ನಡುವೆ ನೀರು ಕಂಡಾಗ ಇದನ್ನು ಕೆರೆ ಎನ್ನಲು ಬಾಯಿ ಬರುವುದಿಲ್ಲ. ತುಂಬಿದರೆ ಸುಮಾರು 6,550 ಎಕರೆ! ಇಷ್ಟಿದ್ದೂ ಏರಿಯ ಮೇಲೆ ನಿಂತವನಿಗೆ ಬಣ್ಣದ ಕೊಕ್ಕರೆ ಸಿಗದು. ಆಳದ ನೀರು ನೀರುಕಾಗೆಗಳ ಪಾಲು. ಕೊಕ್ಕರೆಗೆ ಮೊಣಕಾಲುದ್ದದ ನೀರು ಸಾಕು. ಬೇಸಿಗೆ ಕಾಲಿಡುತ್ತಲೇ ನೀರು ಹಿಂದೆ ಸರಿದು ಅಂಗಳ ತೆರೆದುಕೊಳ್ಳುವ ಮೇಲಂಚಿಗೆ ಹೋಗಬೇಕು.

ಅಲ್ಲಿದ್ದವು. ಮೂರಡಿ ಎತ್ತರ, ಬೋಳು ಕಿತ್ತಳೆ ತಲೆ, ಎದೆಗೆ ಕರಿ ಪಟ್ಟಿ, ಬಾಲದ ಬಳಿ ಗುಲಾಬಿ ಗರಿ. ಮದುವೆಗೆ ಹೊರಟವರ ಸಿಂಗಾರ. ಬೇಟೆ ಮಾತ್ರ ಕುರುಡು. ಕೊಕ್ಕನ್ನು ಅರ್ಧ ತೆರೆದು ನೀರಿಗಿಳಿಸಿ, ಅತ್ತಿತ್ತ ಆಡಿಸುತ್ತ, ಕಾಲಿನಿಂದ ಕೆಸರು ಕದಡುತ್ತ ನಡೆಯುತ್ತವೆ. ಮೀನು ತಗುಲಿದ್ದೇ ತಡ, ಕೊಕ್ಕು ಮುಚ್ಚಿರುತ್ತದೆ. ಇದೇ ಕುಲದ ಅಮೆರಿಕದ ಕೊಕ್ಕರೆಯಲ್ಲಿ ವಿಜ್ಞಾನಿಗಳು ಆ ವೇಗ ಅಳೆದು 1963ರಲ್ಲಿ ಪ್ರಕಟಿಸಿದರು: 25 ಮಿಲಿಸೆಕೆಂಡು. ಕಣ್ಣಿನ ಹಂಗಿಲ್ಲದ್ದರಿಂದ ರಾಡಿ ನೀರೂ ಇವಕ್ಕೆ ಅಡ್ಡಿಯಲ್ಲ. ಬಿಸಿಲೇರಿದರೆ ತಮ್ಮ ಕಾಲಿನ ಮೇಲೇ ಹಿಕ್ಕೆ ಹಾಕಿಕೊಂಡು ತಂಪಾಗುತ್ತವೆ. ಇಷ್ಟು ಸಿಂಗಾರದ ಹಕ್ಕಿಗೆ ಇದೆಂಥ ಬುದ್ಧಿಯೋ!

ಬೆಳೆದ ಹಕ್ಕಿಗಳು ಹೆಚ್ಚುಕಡಿಮೆ ಮೂಕ. ಗೂಡಿನಲ್ಲಿ ಕೊಕ್ಕು ಪಟಪಟಿಸುವುದೇ ಮಾತು. ಗೂಡೂ ಒಂಟಿಯಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳ ನೆರೆಯಲ್ಲೇ, ಮನೆಗಳ ನಡುವಿನ ಮರಗಳಲ್ಲಿ ಸಂಸಾರ ಹೂಡುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಉರಿಬಿಸಿಲಲ್ಲಿ ತಾಯಿ ತಂದೆ ರೆಕ್ಕೆ ಚಾಚಿ ಮರಿಗಳಿಗೆ ನೆರಳಾಗುವುದನ್ನು ಅಲ್ಲಿ ರಸ್ತೆಯಿಂದಲೇ ನೋಡಬಹುದು.

ಸೂಳೆಕೆರೆ ಬಿಟ್ಟ ಮೇಲೆ ನ್ಯಾಮತಿಯಲ್ಲಿ ನಿಲ್ಲಲಿಲ್ಲ, ಮೆಕ್ಕೆಜೋಳದ ಸೀಮೆ. ಹೊನ್ನಾಳಿಯ ಭತ್ತದ ಗದ್ದೆಗಳಲ್ಲಿ ಇವುಗಳ ದಾಯಾದಿ ಬಾಯ್ಕಳಕ ಸಿಕ್ಕಿತು. ಕೊಕ್ಕು ಮುಚ್ಚಿದರೂ ನಡುವೆ ಕಂಡಿ. ಬಸವನಹುಳುವಿನ ಚಿಪ್ಪಿನಿಂದ ಮಾಂಸವನ್ನಷ್ಟೇ ಬಿಡಿಸಿ ತಿನ್ನುವುದು ಅದರ ಕಸುಬು.

“ಪೈರು ತುಳಿಯಲ್ವೇನಣ್ಣ?” ಎಂದೆ, ಬದುವಿನ ಮೇಲಿದ್ದವರನ್ನು.

“ತುಳೀಲಿ ಬಿಡ್ರಿ, ಹುಳ ತಿಂತಾವಲ್ಲ.”

ಜಗಳೂರು ಮಳೆ ಕಮ್ಮಿಯ ನಾಡು. ಅಲ್ಲಿನ 57 ಕೆರೆಗಳಿಗೆ ತುಂಗಭದ್ರೆಯ ನೀರೆತ್ತಿ ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದಿದ್ದಾರೆ. ಕೋಡಿ ಬಿದ್ದ ದಿನ ಊರಿಗೆ ಹಬ್ಬ; ಕೊಕ್ಕರೆಗೆ ಉಪವಾಸ. ನೀರು ಇಳಿದು ಗುಂಡಿಗಳಲ್ಲಿ ಮೀನು ಒತ್ತೊತ್ತಾಗಿ ಉಳಿದಾಗಲೇ ಅದರ ಸುಗ್ಗಿ. ಹೂಳೆತ್ತುವವರು ಸುತ್ತಲೂ ಕಡಿದಾಗಿ ಕೊರೆಯದೆ ಒಂದು ಬದಿಯಾದರೂ ಇಳಿಜಾರು ಬಿಡಬೇಕೆಂಬುದು ನನ್ನ ಹಟ. ನಾನು ಹೋದಾಗ ಕೆರೆಯಲ್ಲಿ ನೀರು ಬೇಕಾದಷ್ಟಿತ್ತು, ಕೊಕ್ಕರೆ ಒಂದೂ ಇಲ್ಲ. ಬಲೆ ಹೊಲಿಯುತ್ತಿದ್ದ ಹಿರಿಯರು ತಲೆ ಎತ್ತದೆ ಅಂದರು: “ಕೆರಿ ಇಳೀಲಿ, ಆವಾಗ ಬರ್ರಿ.”